ದುಡಿಮೆಯ ನುಡಿಗಳು

ಇಂಗ್ಲಿಷ್ ಭಾಷೆಯ ಮೇಲೆ ನಮಗೆ ಯಾವ ದ್ವೇಷವೂ ಇಲ್ಲವೆಂಬುದನ್ನು ಓದುಗ ಬಂಧುಗಳಲ್ಲಿ ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ. ಮಠದ ಪಾಠಶಾಲೆಯಲ್ಲಿ ಅಮರಕೋಶವನ್ನೂ ಶಬ್ದಮಣಿದರ್ಪಣವನ್ನೂ ಓದಿ ಬಂದ ನಮಗೆ ಯಾವ ಭಾಷೆಯ ಪದವಾದರೂ ಸರಿ, ಅದರ ಮೂಲವನ್ನು ಕೆದಕಿ ನೋಡುವ ಚಟವೊಂದು ಅಂಟಿಕೊಂಡಿದೆ. 1978ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಕೋಣಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ಸ್ಥಾಪಿಸಿತು. ಅದರಾಚೆಗೆ ನಮ್ಮ ಆನೇಕಲ್ ತಾಲ್ಲೂಕಿನ ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳಲ್ಲಿಯೂ ಕಾರ್ಖಾನೆಗಳು ಎದ್ದವು. ಕೆಲಸದ ಜೊತೆಗೆ ಕೆಲಸದ ಮಾತುಗಳೂ ಬಂದವು. ಇಂದು ಆನೇಕಲ್ಲಿನ ಮನೆಗಳಲ್ಲಿ ಮಕ್ಕಳು ತಮ್ಮ ದುಡಿಮೆಯನ್ನು ಕುರಿತು ಆಡುವ ನುಡಿಗಳು ಬಹುಪಾಲು ಇಂಗ್ಲಿಷಿನವೇ.

ನಮ್ಮ ಶಾಲೆಯ ದಿನಗಳಲ್ಲಿ 'ಮೇಕ್ ಹೇ ವೈಲ್ ದ ಸನ್ ಷೈನ್ಸ್' ಎಂಬುದಕ್ಕೆ 'ಗಾಳಿ ಬಂದಾಗ ತೂರಿಕೋ' ಎಂಬುದನ್ನು ಸಮಾನವಾದ ಗಾದೆಯೆಂದು ಉಪಾಧ್ಯಾಯರು ಬರೆಸುತ್ತಿದ್ದರು. ಮಳೆಯ ನಾಡಾದ ಇಂಗ್ಲೆಂಡಿನ ರೈತನಿಗೆ ಹುಲ್ಲು ಒಣಗಿಸಲು ಬಿಸಿಲು ದುರ್ಲಭ. ಕಣದಲ್ಲಿ ರೋಣಗಲ್ಲು ಹೊಡೆದು ರಾಗಿಯನ್ನು ರಾಶಿ ಮಾಡಿದ ಆನೇಕಲ್ಲಿನ ರೈತನಿಗೆ ಬಿಸಿಲಿಗೇನು ಬರ? ಅವನು ಮೊರ ಹಿಡಿದು ಕಾಯುವುದು ಗಾಳಿಗಾಗಿ. ಎರಡೂ ಮಾತುಗಳು ಬೆವರಿನಿಂದ ಹುಟ್ಟಿದವು, ಆದ್ದರಿಂದಲೇ ಒಂದಕ್ಕೊಂದು ಹೊಂದಿಕೊಂಡವು. ನೇಕಾರರ ಊರಾದ ಆನೇಕಲ್ಲಿನಲ್ಲಿ 'ಹಾಸುಹೊಕ್ಕು' ಎಂದರೇನೆಂದು ಮಗ್ಗವನ್ನು ಕಂಡವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಅತ್ತಿಂದಿತ್ತ ಓಡಾಡುವವನನ್ನು ಲಾಳಿಗೆ ಹೋಲಿಸಿದರೆ ಮಗುವಿಗೂ ತಿಳಿಯುತ್ತಿತ್ತು.

ಈಗಿನ ಮಾತುಗಳ ವಂಶವೇ ಬೇರೆ. 'ಡೆಡ್‌ಲೈನ್ ಇದೆ' ಎಂದು ಹೇಳಿ ಅರ್ಧ ಊಟಕ್ಕೆ ಏಳುವ ಮಕ್ಕಳನ್ನು ಎಲ್ಲರೂ ಕಂಡಿದ್ದೇವೆ. ನಮ್ಮಲ್ಲಿ ಗಡುವು ಎಂಬ ಪದವಿದೆ, ವಾಯಿದೆ ಎಂಬುದಿದೆ. ಇವೆರಡೂ ಕಾಲದ ಮಿತಿಯನ್ನಷ್ಟೇ ಹೇಳುತ್ತವೆ. ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ, 1864ರಲ್ಲಿ, ಆಂಡರ್ಸನ್‌ವಿಲ್ ಎಂಬಲ್ಲಿದ್ದ ಯುದ್ಧಕೈದಿಗಳ ಸೆರೆಮನೆಯ ಒಳಗೋಡೆಯಿಂದ ಈಚೆಗೆ ಒಂದು ಗಡಿರೇಖೆಯನ್ನು ಹಾಕಲಾಗಿತ್ತು. ಅದನ್ನು ದಾಟಿದ ಕೈದಿಯನ್ನು ಕಾವಲುಗಾರನು ಗುಂಡಿಕ್ಕಿ ಕೊಲ್ಲಬಹುದಾಗಿತ್ತು. ಆ ರೇಖೆಗೆ ಇದ್ದ ಹೆಸರು ಡೆಡ್‌ಲೈನ್. ಇಂದು ಅದನ್ನು ನುಡಿಯುವವರಿಗೆ ಆ ಗುಂಡಿನ ಸದ್ದು ಕೇಳಿಸದೆ ಇರಬಹುದು. ಆದರೆ ಅವರ ಮುಖದ ಮೇಲಿನ ಭಯವು ಆ ಪದದ ಮೂಲಾರ್ಥಕ್ಕೇ ಹೆಚ್ಚು ಹತ್ತಿರವೆಂದು ನಮಗೆ ತೋರುತ್ತದೆ.

'ಎಕ್ಸ್‌ಟ್ರಾ ಮೈಲ್ ಹೋಗಬೇಕು' ಎಂಬುದು ವರ್ಷಾಂತ್ಯದ ಮೌಲ್ಯಮಾಪನದಲ್ಲಿ ಮೇಲಧಿಕಾರಿಗಳು ಆಡುವ ಮಾತಂತೆ. ಇದರ ಮೂಲವು ಬೈಬಲ್ಲಿನ ಮತ್ತಾಯನ ಸುವಾರ್ತೆಯಲ್ಲಿದೆ. ರೋಮನ್ನರ ಆಳ್ವಿಕೆಯಲ್ಲಿ ಪ್ರಜೆಗಳನ್ನು ಬಿಟ್ಟಿ ಹಿಡಿದು ಹೊರೆ ಹೊರಿಸುವ ಪದ್ಧತಿಯಿತ್ತು. ಒಂದು ಮೈಲಿ ಬಲವಂತವಾಗಿ ನಡೆಸಿದವನೊಡನೆ ನೀನಾಗಿಯೇ ಎರಡು ಮೈಲಿ ನಡೆ ಎಂದು ಏಸುಕ್ರಿಸ್ತನು ಬೋಧಿಸಿದನು. ಅದು ಬಿಟ್ಟಿಯಾಳಿನ ಆತ್ಮಗೌರವವನ್ನು ಎತ್ತಿಹಿಡಿದ ಮಾತು. ಅದನ್ನೇ ಹೊರೆ ಹೊರಿಸುವವನ ಬಾಯಿಯಲ್ಲಿ ಕೇಳುವಾಗ ನಮಗೆ ನಗು ಬರುತ್ತದೆ. ಶರಣರ ಕಾಯಕದಲ್ಲಿ ದಣಿವಿಗೆ ಅಂಜಿದವರಿಲ್ಲ, ಆದರೆ ಅಲ್ಲಿ ಅಳತೆಯೊಂದು ಇತ್ತು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಅದನ್ನು ಮೆಚ್ಚಲಿಲ್ಲ. ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಪತಿಗೆ ಹೇಳಿದಳು.

ನಮ್ಮ ಹಳೆಯ ನುಡಿಗಳೆಲ್ಲ ಅಮೃತವೆಂದು ನಾವು ಹೇಳುವುದಿಲ್ಲ. ಜೀತ, ಬಿಟ್ಟಿ, ಗಾಣದೆತ್ತು ಇವೂ ನಮ್ಮವೇ. ಆದರೂ ಕೆಲಸ ಕಳೆದುಕೊಂಡವನನ್ನು ಇಂಗ್ಲಿಷಿನಲ್ಲಿ 'ಫೈರ್' ಮಾಡುತ್ತಾರೆ, ನಮ್ಮಲ್ಲಿ 'ಮನೆಗೆ ಕಳುಹಿಸುತ್ತಾರೆ'. ನಮ್ಮ ಮಾತಿನಲ್ಲಿ ಹೋಗಲು ಒಂದು ಮನೆಯಾದರೂ ಇದೆ.

ಆ ಮನೆಯವರಿಗೆ ಮಕ್ಕಳ ಮಾತು ತಿಳಿಯಬೇಕಲ್ಲ! ಕಳೆದ ವರ್ಷ ಚಂದಾಪುರದ ಸಮೀಪದ ಪರಿಚಿತರ ಮನೆಗೆ ಲಿಂಗಪೂಜೆಗೆಂದು ಹೋಗಿದ್ದೆವು. ಆ ಮನೆಯ ತಾಯಿ ನಮ್ಮನ್ನು ಪಕ್ಕಕ್ಕೆ ಕರೆದು, "ಅಯ್ಯನವರೇ, ನಮ್ಮ ಹುಡುಗ ಮೂರು ತಿಂಗಳಿಂದ ಬೆಂಚಿನ ಮೇಲೆ ಕೂತಿದ್ದಾನಂತೆ. ಕೆಲಸ ಇಲ್ಲವಂತೆ, ಸಂಬಳ ಮಾತ್ರ ಬರುತ್ತದಂತೆ. ಕೂತು ಉಣ್ಣೋ ಭಾಗ್ಯಕ್ಕೆ ಯಾಕೆ ಊಟ ಬಿಟ್ಟಿದ್ದಾನೆ, ನೀವೇ ಕೇಳಿ" ಎಂದರು. ಆಟದ ಕಣಕ್ಕೆ ಇಳಿಸದ ಆಟಗಾರನು ಕುಳಿತುಕೊಳ್ಳುವ ಬೆಂಚಿನಿಂದ ಬಂದ ಮಾತು ಅದು. ಒಂದು ಯೋಜನೆ ಮುಗಿದು ಮತ್ತೊಂದು ದೊರೆಯದಿರುವಾಗ ಕಂಪನಿಯು ಸಂಬಳ ಕೊಟ್ಟು ಇರಿಸಿಕೊಳ್ಳುತ್ತದೆ. ಹಾಗೆ ಕುಳಿತ ದಿನಗಳು ಬೆಳೆದಷ್ಟೂ ಹೊರಕ್ಕೆ ಹೋಗುವ ಬಾಗಿಲು ಹತ್ತಿರವಾಗುತ್ತದೆ. ಹುಡುಗನು ಇದನ್ನು ನಮಗೆ ವಿವರಿಸುವಾಗ ತಲೆ ಎತ್ತಲಿಲ್ಲ. ತಾಯಿಗೆ ಏಕೆ ಹೇಳಲಿಲ್ಲವೆಂದರೆ, "ಕನ್ನಡದಲ್ಲಿ ಹೇಗೆ ಹೇಳಬೇಕೋ ತಿಳಿಯಲಿಲ್ಲ" ಎಂದನು.

ಕಾಯಕವು ಸಂಬಳವಲ್ಲ, ಕಂಪನಿ ಕೊಟ್ಟು ಕಸಿದುಕೊಳ್ಳುವ ಪದವಿಯೂ ಅಲ್ಲ. ಅದು ಮಾಡುವವನ ಕಾಯದಲ್ಲಿ ಇರುವಂಥದು ಎಂದು ನಾವು ಅವನಿಗೆ ಹೇಳಿದೆವು. ಅವನು ಗೌರವದಿಂದ ಕೇಳಿದನು. ಎಷ್ಟು ನೆಮ್ಮದಿಯಾಯಿತೋ ಅವನೇ ಬಲ್ಲ. ಆದರೆ ಅಷ್ಟು ಹೊತ್ತೂ ಮೌನವಾಗಿದ್ದ ತಂದೆ, "ಸುಗ್ಗಿ ಮುಗಿದು ಮಳೆ ಬರೋ ತನಕ ನಾವೂ ಹಾಗೇ ಇರ್ತಿದ್ದೆವಲ್ಲ. ಆವಾಗ ಹಗ್ಗ ಹೊಸೀತಿದ್ದೆವು, ನೇಗಿಲು ಸರಿ ಮಾಡ್ಕೋತಿದ್ದೆವು" ಎಂದರು. ತಾಯಿ ಮಾತ್ರ ಮಗನ ಕಡೆಗೆ ತಿರುಗಿ, "ಇಷ್ಟೇ ಆಗಿದ್ದರೆ ಕೆಲಸ ಸಿಗೋ ತನಕ ಕಾಯ್ತಾ ಇದೀನಿ ಅನ್ನಬಾರದಾಗಿತ್ತೇನಪ್ಪ?" ಎಂದು ಕೇಳಿ, ಮುದ್ದೆಗೆ ಎಸರಿಡಲು ಒಳಕ್ಕೆ ಹೋದರು.