ಹಳೆ ಸೈಕಲ್ ಕಥೆ – 4: ಬಿಎಸ್‌ಎ ಅಂದ್ರೆ ಎಂತ?

ಬಂದೂಕು! ಹೌದು ಮಾರಾಯ್ರೆ. ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್. 1861ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಬಂದೂಕು ಮಾಡುವವರೆಲ್ಲ ಸೇರಿ ಕಟ್ಟಿದ ಕಂಪನಿ. ಬಂದೂಕಿನ ಆರ್ಡರ್ ಕಮ್ಮಿಯಾದಾಗ ಮೆಷಿನು ಸುಮ್ನೆ ಕೂರಬಾರದು ಅಂತ 1880ರಲ್ಲಿ ಸೈಕಲ್‌ಗೆ ಕೈ ಹಾಕಿದ್ರು. ಒಂದಕ್ಕೊಂದು ಒರಗಿಸಿ ನಿಲ್ಲಿಸಿದ ಮೂರು ಬಂದೂಕೇ ಅವರ ಗುರುತು.

ಈಗ ಮೊದಲ ಫೋಟೊ ಝೂಮ್ ಮಾಡಿ. ನಮ್ಮ ಅಜ್ಜಯ್ಯನ ಸೈಕಲ್‌ನ ಪೆಡಲ್ ಚಕ್ರದಲ್ಲಿ ಕಬ್ಬಿಣವನ್ನೇ ಕತ್ತರಿಸಿ ಮಾಡಿದ ಮೂರು ಅಕ್ಷರ ಕಾಣ್ತದಲ್ಲ? ಅದನ್ನು ನೋಡಿಯೇ ಮನೆಯಲ್ಲಿ ಎಲ್ಲರೂ ಇದು ಫಾರಿನ್ ಸೈಕಲ್ ಅಂತಿದ್ರು. "ಇಂಗ್ಲೆಂಡಿಂದೇ ಅಂಬ್ರ್ ಮಗಾ, ಅಜ್ಜಯ್ಯ ಹೇಳ್ತಿದ್ರ್" ಅಂತ ಅಪ್ಪಯ್ಯ.

ಈ ಬೇಸಿಗೆಯಲ್ಲಿ ಆ ಮಾತಿಗೆ ಬೆಲೆ ಬಂತು. ಮಳೆಗಾಲದೊಳಗೆ ಮಾಡು ರಿಪೇರಿ ಆಗ್ಬೇಕಿತ್ತು, ಕೈಯಲ್ಲಿ ದುಡ್ಡಿರಲಿಲ್ಲ. ಉಡುಪಿ ಕಡೆಯಿಂದ ಹಳೆ ಸೈಕಲ್ ಸಂಗ್ರಹಿಸುವ ಒಬ್ಬರು ಬಂದು ನೋಡಿ, "ಇಂಗ್ಲೆಂಡಿನದ್ದೇ ಅಂತ ಖಾತ್ರಿಯಾದ್ರೆ ಒಳ್ಳೆ ರೇಟ್ ಕೊಡ್ತೇನೆ" ಅಂದ್ರು. ಖಾತ್ರಿ ಮಾಡುವ ಕೆಲಸ ನನಗೆ ಬಂತು.

ಓದಿದಾಗ ಗೊತ್ತಾದ ಮೊದಲ ವಿಷಯ: ಅಕ್ಷರ ಇದ್ದ ಮಾತ್ರಕ್ಕೆ ಸಾಕಾಗುದಿಲ್ಲ. ಬಿಎಸ್‌ಎ ಪೂರ್ತಿ ಸೈಕಲ್ ಅಷ್ಟೇ ಅಲ್ಲ, ಬಿಡಿಭಾಗಗಳನ್ನೂ ಮಾರ್ತಿತ್ತು. ಬೇರೆ ಕಂಪನಿಯವರು ಅದನ್ನು ತಮ್ಮ ಫ್ರೇಮಿಗೆ ಹಾಕಿಕೊಳ್ತಿದ್ರು.

ಎರಡನೇದು: ಸ್ವಾತಂತ್ರ್ಯ ಬಂದ ಮೇಲೆ 1949ರಲ್ಲಿ ಮುರುಗಪ್ಪ ಕುಟುಂಬದವರು ಬ್ರಿಟನ್ನಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಜೊತೆ ಸೇರಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್ ಶುರು ಮಾಡಿದ್ರು. ಅಂಬತ್ತೂರಿನ ಫ್ಯಾಕ್ಟರಿಯ ಹರ್ಕ್ಯುಲಿಸ್, ಬಿಎಸ್‌ಎ ನಮ್ಮ ಊರುಗಳಿಗೂ ಬಂದ್ವು. ಆದ್ರೆ ಬರ್ಮಿಂಗ್‌ಹ್ಯಾಮ್‌ನ ಬಿಎಸ್‌ಎ 1957ರಲ್ಲೇ ತನ್ನ ಸೈಕಲ್ ವ್ಯವಹಾರವನ್ನು ರ‍್ಯಾಲಿಗೆ ಮಾರಿಬಿಟ್ಟಿತ್ತು. ಹುಟ್ಟಿದ ಮನೆ ಬಾಗಿಲು ಹಾಕಿತು, ಹೆಸರು ಮಾತ್ರ ಇಲ್ಲಿ ಓಡ್ತಾ ಉಳೀತು.

ಎರಡನೇ ಫೋಟೊ ಹ್ಯಾಂಡಲ್ ಕೆಳಗಿನ ಬಿಲ್ಲೆಯದ್ದು. ಯಾರೋ ಅದರ ಮೇಲೆ ಹಸಿರು ಪೇಂಟ್ ಬಳಿದಿದ್ರು. ಮೂರು ದಿನ ಸೀಮೆಎಣ್ಣೆ ಹಾಕಿ ಮೆಲ್ಲ ಉಜ್ಜಿದೆ. ಕೊನೆಗೆ ಕೆಳಗಡೆ ಸಣ್ಣ ಅಕ್ಷರ ಕಾಣಿಸ್ತು: ಮೇಡ್ ಇನ್ ಇಂಡಿಯಾ.

ಅಪ್ಪಯ್ಯ ಕನ್ನಡಕ ಹಾಕ್ಕೊಂಡು ಎರಡು ಸಲ ಓದಿದ್ರು. ಬಿಲ್ಲೆ ತೆಗೆದುಬಿಟ್ಟಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. "ಇದ್ದದ್ ಹೇಳುದೇ" ಅಂತ ಅವರೇ ಫೋನ್ ಮಾಡಿದ್ರು. ಆ ಜನ ಮತ್ತೆ ಬರ್ಲಿಲ್ಲ. ಮಾಡು ರಿಪೇರಿ ಸೊಸೈಟಿ ಸಾಲದಲ್ಲಿ ಆಯ್ತು.

ಸೈಕಲ್ ಈಗ ನನ್ನದು. ಪೆಡಲ್ ಹತ್ರ ಕಟಕಟ ಸದ್ದು ಬರ್ತಿತ್ತು. ರಿಪೇರಿ ಕಲಿಸಿದವರು ಸೈಕಲ್ ಅಂಗಡಿ ಅಣ್ಣ. ಬಲಗಡೆ ಕಪ್ ಎಷ್ಟು ಜಗ್ಗಿದ್ರೂ ಬಿಚ್ಚಲಿಲ್ಲ. "ಉಲ್ಟಾ ತಿರ್ಗ್ಸ್ ಮಾರಾಯ, ಅದ್ ಬಿಎಸ್‌ಎ ಥ್ರೆಡ್" ಅಂದ್ರು. ಆ ಬದಿಯದ್ದನ್ನು ಗಡಿಯಾರದ ಮುಳ್ಳು ಹೋಗುವ ಕಡೆಗೇ ತಿರುಗಿಸಿ ಬಿಚ್ಚಬೇಕು. ಇವತ್ತಿನ ಗೇರ್ ಸೈಕಲ್‌ಗಳಲ್ಲೂ ಎಷ್ಟೋ ಕಂಪನಿಗಳು ಇದೇ ಅಳತೆ ಹಾಕ್ತವೆ, ಹೆಸರೂ ಅದೇ. ಬಂದೂಕಿನ ಕಂಪನಿ ಬಿಟ್ಟುಹೋದ ಗುರುತು ನಿಮ್ಮ ಹೊಸ ಸೈಕಲ್‌ನಲ್ಲೂ ಇರಬಹುದು.

ಮೂರನೇ ಫೋಟೊ ನಿನ್ನೆ ವಂಡ್ಸೆಯಿಂದ ಹೆಮ್ಮಾಡಿಗೆ ಹೋಗುವಾಗ ತೆಗೆದದ್ದು. ಸದ್ದು ನಿಂತಿದೆ.

ನಿಮ್ಮ ಮನೆ ಕೊಟ್ಟಿಗೆಯಲ್ಲೂ ಹಳೆ ಸೈಕಲ್ ಇದ್ರೆ ಗುಜರಿಗೆ ಹಾಕುವ ಮುಂಚೆ ಮೂರು ಫೋಟೊ ತೆಗೀರಿ: ಹ್ಯಾಂಡಲ್ ಕೆಳಗಿನ ಬಿಲ್ಲೆ, ಪೆಡಲ್ ಚಕ್ರ, ಸೀಟಿನ ಹತ್ರ ಕೊರೆದ ನಂಬರ್. ನನಗೆ ಕಳಿಸಿ, ಒಟ್ಟಿಗೆ ಹುಡುಕುವ. ಐದನೇ ಭಾಗ ನಿಮ್ಮ ಸೈಕಲ್‌ದ್ದೇ ಆಗ್ಲಿ.