ಉಸಿರೊತ್ತಿದ ಕೈಗಳು

ಪ್ರಾಣಾಪಾಯದಲ್ಲಿರುವವರು ಅನೇಕರು, ಅವರನ್ನುಳಿಸುವ ಸಾಧನಗಳು ಕೆಲವೇ ಎಂದಾದಾಗ ವೈದ್ಯನು ಯಾರನ್ನು ಒಳಗೆ ಕರೆಯಬೇಕು? ಈ ಪ್ರಶ್ನೆಯು 1952ರ ಬೇಸಗೆಯಲ್ಲಿ ಡೆನ್ಮಾರ್ಕಿನ ರಾಜಧಾನಿಯಾದ ಕೋಪನ್‌ಹೇಗನ್ನಿನ ಬ್ಲೆಗ್ಡಾಮ್ ಆಸ್ಪತ್ರೆಗೆ ಅತಿ ಕಠೋರವಾಗಿ ಎದುರಾಯಿತು. ಪೋಲಿಯೋ ವ್ಯಾಧಿಯು ಪ್ರಬಲಿಸಿ ದಿನವೊಂದಕ್ಕೆ 50ರವರೆಗೆ ರೋಗಿಗಳು ಬರತೊಡಗಿದರು. ಅನೇಕರಿಗೆ ಕೈಕಾಲುಗಳಲ್ಲದೆ ಗಂಟಲೂ ಉಸಿರಾಟದ ಸ್ನಾಯುಗಳೂ ನಿಶ್ಚೇಷ್ಟಿತವಾಗಿದ್ದವು. ಅಲ್ಲಿದ್ದುದೋ, ದೇಹವನ್ನೊಳಗೊಳ್ಳುವ ಕಬ್ಬಿಣದ ಪೆಟ್ಟಿಗೆ 1, ಎದೆಗೆ ಕಟ್ಟುವ ಕವಚಯಂತ್ರಗಳು 6. ಅವು ದೊರೆತವರಾದರೂ ಬದುಕಿದರೆ? ಮೊದಲ ವಾರಗಳಲ್ಲಿ ಯಂತ್ರಚಿಕಿತ್ಸೆ ಪಡೆದ 31 ಮಂದಿಯಲ್ಲಿ 27 ಮಂದಿ ಮೃತರಾದರು.

ಆಗ ಮುಖ್ಯವೈದ್ಯರಾದ ಲಾಸೆನ್ನರು ಅರಿವಳಿಕೆ ವೈದ್ಯರಾದ ಬ್ಯೋರ್ನ್ ಇಬ್ಸೆನ್ನರನ್ನು ಕರೆಸಿದರು. ಆಗಸ್ಟ್ 27ರಂದು ಇಬ್ಸೆನ್ನರು 12 ವರ್ಷದ ಬಾಲೆಯೊಬ್ಬಳ ಶ್ವಾಸನಾಳಕ್ಕೆ ರಂಧ್ರವನ್ನು ಮಾಡಿಸಿ, ಕೊಳವೆಯನ್ನಿಳಿಸಿ, ರಬ್ಬರಿನ ಚೀಲವನ್ನು ಕೈಯಿಂದ ಹಿಚುಕುತ್ತ ಪ್ರಾಣವಾಯುವನ್ನು ಊಡಿದರು. ಬಾಲೆಯು ಬದುಕಿದಳು.

ಉಪಾಯವೇನೋ ದೊರೆಯಿತು, ಆದರೆ ಆ ಕೈ ಹಗಲಿರುಳು ನಿಲ್ಲಕೂಡದಷ್ಟೆ! ವೈದ್ಯವಿದ್ಯಾರ್ಥಿಗಳಿಗೆ ಕರೆಹೋಯಿತು. ಸುಮಾರು 1500 ಮಂದಿ ಸರದಿಯ ಮೇಲೆ ಮಂಚಗಳ ಪಕ್ಕದಲ್ಲಿ ಕುಳಿತು ಪರರ ಉಸಿರನ್ನು ತಮ್ಮ ಮುಷ್ಟಿಯಿಂದ ನಡೆಸಿದರು. ಒಂದು ಹಂತದಲ್ಲಿ ಏಕಕಾಲಕ್ಕೆ 70 ರೋಗಿಗಳು ಹೀಗೆ ಬದುಕಿದ್ದರು. ಮಾತನಾಡಲಾರದ ಮಗುವಿನ ಕಣ್ಣನ್ನೇ ನೋಡುತ್ತ ಗಂಟೆಗಟ್ಟಲೆ ಕುಳಿತ ಆ ತರುಣರು ಯಾವ ಪಾಠಶಾಲೆಯಲ್ಲಿಯೂ ದೊರೆಯದ ಪಾಠವನ್ನು ಕಲಿತಿರಬೇಕು. 100ಕ್ಕೆ 80ನ್ನು ಮೀರಿದ್ದ ಮರಣವು ಅರ್ಧಕ್ಕಿಂತ ಕೆಳಗಿಳಿಯಿತು. 1953ರ ಡಿಸೆಂಬರಿನಲ್ಲಿ ಇಬ್ಸೆನ್ನರು ಅದೇ ನಗರದ ಮತ್ತೊಂದು ಆಸ್ಪತ್ರೆಯಲ್ಲಿ ತೆರೆದ ವಿಭಾಗವನ್ನೇ ಮೊದಲ ತೀವ್ರ ನಿಗಾ ಘಟಕವೆಂದು ಬಹುಮಂದಿ ಗಣಿಸುತ್ತಾರೆ.

ಚಿಕಿತ್ಸೆಗೆ ಭಿಷಕ್ಕು, ದ್ರವ್ಯ, ಉಪಸ್ಥಾತೃ, ರೋಗಿ ಎಂದು ನಾಲ್ಕು ಪಾದಗಳನ್ನು ಚರಕಸಂಹಿತೆಯು ಹೇಳುತ್ತದೆ. ಉಪಸ್ಥಾತೃವೆಂದರೆ ಬಳಿಯಿದ್ದು ಶುಶ್ರೂಷೆ ಮಾಡುವವನು. ಕೋಪನ್‌ಹೇಗನ್ನಿನಲ್ಲಿ ದ್ರವ್ಯದ ಕೊರತೆಯನ್ನು ತುಂಬಿದವನು ಇವನೇ. ಭಾರತದಲ್ಲಿ 2021ರ ಕೋವಿಡ್ ಕಾಲದಲ್ಲಿ ಇದು ವಿಪರ್ಯಾಸವಾಯಿತು: ಹಲವೆಡೆ ಯಂತ್ರಗಳು ಬಂದಿಳಿದರೂ ನಡೆಸಬಲ್ಲವರಿಲ್ಲದೆ ಮೂಲೆಯಲ್ಲಿ ನಿಂತವು. ಮಂಚಗಳನ್ನೂ ಯಂತ್ರಗಳನ್ನೂ ಎಣಿಸುವವರು ಕೈಗಳನ್ನು ಎಣಿಸಲು ಮರೆಯುತ್ತಾರೆ.

ಹಾಗೆಂದು ಕೈಗಳೂ ಅಪರಿಮಿತವಲ್ಲ. ಬಾಗಿಲಲ್ಲಿ ಆಯ್ಕೆ ಮಾಡಲೇಬೇಕಾದ ಗಳಿಗೆಯು ಬಂದೇ ಬರುತ್ತದೆ. 2023ರಲ್ಲಿ 24 ತಜ್ಞರು ಭಾರತಕ್ಕಾಗಿ ರಚಿಸಿದ ಮಾರ್ಗಸೂಚಿಯು, ಒಳಗೆ ಯಾರು ಬರಬೇಕೆಂದು ಹೇಳಿದುದಲ್ಲದೆ, ಮಂಚ ದೊರೆಯದೆ ಕಾದಿರುವವನ ನಾಡಿ, ಉಸಿರು, ರಕ್ತದೊತ್ತಡಗಳನ್ನು ನೋಡುತ್ತಿರಬೇಕೆಂದೂ ವಿಧಿಸಿದೆ. ಅದಕ್ಕೂ ಒಬ್ಬನು ಹೊರಗೆ ಬಂದು ಅವನ ಬಳಿ ನಿಲ್ಲಬೇಕಾಗುತ್ತದೆ.