ದನಿ ಒಡೆಯಬೇಕು, ಸ್ವರ ಉಳಿಯಬೇಕು

ಹೊಸ ಅಗ್ರಹಾರದಲ್ಲಿ ಮೈಕ್ ಸೆಟ್ ಇಟ್ಟುಕೊಂಡಿರುವ ಅಪ್ಪ. ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿರುವ ಮಗ. ಇಬ್ಬರ ನಡುವೆ ಮಾತು ನಿಂತದ್ದು ಒಂದು ಶನಿವಾರದ ಸಂಜೆ, ಒಂದು ದನಿಯ ಕಾರಣಕ್ಕೆ.

ಕೃಷ್ಣರಾಜನಗರ ತಾಲ್ಲೂಕು ಭತ್ತದ ಕಣಜವೆಂದು ಹೆಸರಾದ ಸೀಮೆ. ಸುಗ್ಗಿ ಮುಗಿದರೆ ಮದುವೆ, ಜಾತ್ರೆ; ಆಮೇಲೆ ರಾಮನವಮಿ; ಮಳೆಗಾಲ ಇಳಿಯುವ ಹೊತ್ತಿಗೆ ಗಣಪತಿ. ಮೂವತ್ತು ವರ್ಷಗಳಿಂದ ಈ ಎಲ್ಲಕ್ಕೂ ಅಪ್ಪನ ಹಾರ್ನುಗಳು ಮರ ಏರಿವೆ. ಆತನ ವೃತ್ತಿಗೆ ಇದ್ದದ್ದು ಒಂದೇ ನಿಯಮ: ದನಿ ಒಡೆಯಬಾರದು. ಭಾಷಣ ಮಾಡುವವರು ಎಷ್ಟೇ ಕೂಗಲಿ, ಭಜನೆಯವರು ಎಷ್ಟೇ ಏರು ಶ್ರುತಿಯಲ್ಲಿ ಹಾಡಲಿ, ಗುಂಡಿಯನ್ನು ಒಂದಿಷ್ಟು ಹಿಂದೆ ತಿರುಗಿಸಿ ದನಿಯನ್ನು ಕಾಯುವುದೇ ಆತನ ಕಸುಬು.

ಮಗ ಆ ಶನಿವಾರ ಊರಿಗೆ ಬಂದಾಗ ಬೆನ್ನಿಗೆ ಹಳೆಯದೊಂದು ಎಲೆಕ್ಟ್ರಿಕ್ ಗಿಟಾರ್ ಇತ್ತು. ಜೊತೆಗೆ ಕಾಲಲ್ಲಿ ಒತ್ತುವ ಚಿಕ್ಕದೊಂದು ಡಿಸ್ಟಾರ್ಷನ್ ಪೆಟ್ಟಿಗೆ. ಅಪ್ಪ ಗದ್ದೆಗೆ ಹೋಗಿದ್ದ ಸಮಯ ನೋಡಿ, ಎರಡನ್ನೂ ಮೈಕ್ ಸೆಟ್ಟಿನ ಆಂಪ್ಲಿಫೈಯರಿಗೆ ಸಿಕ್ಕಿಸಿ, ಹಾರ್ನಿನಲ್ಲಿ ಒಂದು ಸಲ ತಂತಿ ಎಳೆದ. ತಗಡು ಹರಿದಂತೆ ಸದ್ದಾಯಿತು. ಹಿತ್ತಲ ಕೋಳಿಗಳು ಚದುರಿದವು. ಕೆಸರುಗಾಲಿನಲ್ಲೇ ಓಡಿ ಬಂದ ಅಪ್ಪ ಮೊದಲು ಪ್ಲಗ್ ಕಿತ್ತ.

"ಯೂನಿಟ್ ಸುಟ್ಟೋಯ್ತದೆ ಕಣ್ಲಾ! ದನಿ ಒಡೀತಿರೋದು ಕೇಳಾಕಿಲ್ವಾ?"

"ಅದು ಹಂಗೇ ಒಡೀಬೇಕು ಕಣಪ್ಪ."

ಆ ಮಾತಿನ ಬೆನ್ನಿಗೇ ಮಗ ಮನಸ್ಸಿನಲ್ಲಿದ್ದುದನ್ನೂ ಹೇಳಿಬಿಟ್ಟ. ಮೈಸೂರಿನಲ್ಲಿ ಒಬ್ಬರು ಎರಡು 'ಹೈ ಗೇನ್' ಗಿಟಾರ್ ಆಂಪ್ಲಿಫೈಯರುಗಳನ್ನು ಮಾರುತ್ತಿದ್ದಾರೆ. ಕಾಲೇಜಿನ ತಂಡಕ್ಕೆ ಒಂದು ಬೇಕು. ಮುಂದಿನ ವರ್ಷದ ಫೀಸಿಗೆಂದು ಎತ್ತಿಟ್ಟಿರುವ ಹಣದಲ್ಲಿ ಕೊಡಿಸಿದರೆ ಆಮೇಲೆ ಹೇಗಾದರೂ ತೀರಿಸುತ್ತೇನೆ ಎಂದ. ಅಪ್ಪ ಉತ್ತರ ಕೊಡದೆ ಕಾಲು ತೊಳೆಯಲು ಹೋದ.

ಆದರೆ ಮಗ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಲಂಡನ್ನಿನಲ್ಲಿ ವಾದ್ಯಗಳ ಅಂಗಡಿ ಇಟ್ಟಿದ್ದ ಡ್ರಮ್ ವಾದಕ ಜಿಮ್ ಮಾರ್ಷಲ್ 1962ರಲ್ಲಿ ಅಮೆರಿಕದ ಫೆಂಡರ್ ಬಾಸ್‌ಮನ್ ಆಂಪ್ಲಿಫೈಯರನ್ನು ಮಾದರಿಯಾಗಿಟ್ಟುಕೊಂಡು ತನ್ನದೊಂದನ್ನು ಮಾಡಿಸಿದ. ಅದನ್ನು ಪೂರ್ತಿ ತಿರುಗಿಸಿದಾಗ ದನಿ ಒಡೆಯುತ್ತಿದ್ದ ರೀತಿಯನ್ನೇ ಹುಡುಗರು ಮೆಚ್ಚಿದರು. 1964ರಲ್ಲಿ ಕಿಂಕ್ಸ್ ತಂಡದ ಡೇವ್ ಡೇವಿಸ್, ಒಡಕು ದನಿ ಬರಲೆಂದು ಸ್ಪೀಕರಿನ ಕಾಗದವನ್ನೇ ಬ್ಲೇಡಿನಿಂದ ಸೀಳಿದ. ಒಡಕು ಬೇಕೆಂದರೆ ಊರಿಗೆಲ್ಲ ಕೇಳುವಷ್ಟು ಜೋರು ಮಾಡಲೇಬೇಕೆ? ಕ್ಯಾಲಿಫೋರ್ನಿಯಾದ ರಾಂಡಲ್ ಸ್ಮಿತ್ 1970ರ ದಶಕದ ಆರಂಭದಲ್ಲಿ ಇದಕ್ಕೊಂದು ದಾರಿ ಮಾಡಿದ. ಮುಂಭಾಗದಲ್ಲಿ ಇನ್ನೊಂದು ವರ್ಧನೆಯ ಹಂತ ಸೇರಿಸಿ, ಕೊನೆಯಲ್ಲಿ 'ಮಾಸ್ಟರ್' ಗುಂಡಿ ಇಟ್ಟ. ಒಡೆಯುವುದು ಮೊದಲ ಹಂತಗಳಲ್ಲಿ. ಎಷ್ಟು ಜೋರು ಎಂಬುದು ಕೊನೆಯ ಗುಂಡಿಯಲ್ಲಿ. ಹೈ ಗೇನ್ ಎಂಬುದರ ತಿರುಳು ಇಷ್ಟೆ.

ರಾತ್ರಿ ಊಟಕ್ಕೆ ಕುಳಿತಾಗ ಮಗ ಇದನ್ನೇ ವಿವರಿಸಿದ. ಗಿಟಾರಿನ ದನಿ ಹೊರಗಿಂದ ಬರುವಾಗ ಬಹಳ ಕ್ಷೀಣ. ಒಂದು ಹಂತ ಅದನ್ನು 50 ಪಟ್ಟು ಹೆಚ್ಚಿಸಿದರೆ ಎರಡು ಹಂತಕ್ಕೆ 2,500 ಪಟ್ಟು, ಮೂರಕ್ಕೆ 1,25,000 ಪಟ್ಟು. ನಡುನಡುವೆ ಬೇಕೆಂದೇ ಕಡಿತ ಮಾಡಿದರೂ ವಾಲ್ವ್ ತಡೆಯುವ ಮಿತಿ ಮೀರುತ್ತದೆ. ಆಗ ಅಲೆಯ ನೆತ್ತಿ ಕತ್ತರಿಸಿ ಹೋಗುತ್ತದೆ. ಕತ್ತರಿಸಿದ ಜಾಗದಲ್ಲಿ ಮೂಲಸ್ವರದ ಮೇಲೆ ಇನ್ನಷ್ಟು ಸ್ವರಗಳು ಹುಟ್ಟುತ್ತವೆ.

"ವಾಲ್ವಾ?" ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. ಆತ ಕಸುಬು ಕಲಿತದ್ದು ಹಳೆಯ ವಾಲ್ವ್ ಸೆಟ್ಟಿನಲ್ಲಿ. ಸ್ವಿಚ್ ಹಾಕಿ, ಗಾಜಿನೊಳಗೆ ಕೆಂಪಗೆ ಕಾಯುವ ತನಕ ಕಾಯಬೇಕಿತ್ತು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಬಿಇಎಲ್ 1961ರಲ್ಲೇ ರೇಡಿಯೋ ವಾಲ್ವುಗಳ ತಯಾರಿಕೆ ಆರಂಭಿಸಿತ್ತು. ಟ್ರಾನ್ಸಿಸ್ಟರ್ ಬಂದ ಮೇಲೆ ಹಳ್ಳಿಯ ಸೆಟ್ಟುಗಳಿಂದ ಮಾಯವಾದ ಆ ಗಾಜಿನ ಬುರುಡೆ ಗಿಟಾರಿನವರ ಮನೆಯಲ್ಲಿ ಇನ್ನೂ ಬದುಕಿದೆ ಎಂದು ಆತನಿಗೆ ಗೊತ್ತಿರಲಿಲ್ಲ.

"ತಂಬೂರಿಗೆ ಜೀವಾಳದ ನೂಲು ಇಡ್ತಾರಲ್ಲಪ್ಪ, ಅದೂ ತಂತಿ ಕುದುರೆಗೆ ಒರೆಸ್ಲಿ ಅಂತ ತಾನೆ? ನೂಲು ತೆಗೆದ್ರೆ ದನಿ ಸಪ್ಪೆ," ಎಂದ ಮಗ. ಸಂಗೀತ ಕಚೇರಿಗಳಿಗೂ ಮೈಕ್ ಹಾಕಿದ್ದ ಅಪ್ಪ ಆ ನೂಲನ್ನು ಸರಿಸಿ ಸರಿಸಿ ಕೂರಿಸುವುದನ್ನು ಎಷ್ಟೋ ಸಲ ಕಂಡಿದ್ದ. "ಕೊಡಿಸ್ತೀನಿ ಅಂತಲ್ಲ. ಕೇಳಿ ನೋಡೋಕೆ ಬರ್ತೀನಿ," ಎಂದ.

ಭಾನುವಾರ ಇಬ್ಬರೂ ಮೈಸೂರಿಗೆ ಹೋದರು. ಒಂದು ಹೊಸದರಂತೆ ಹೊಳೆಯುತ್ತಿತ್ತು, ಗುಂಡಿಗಳು ಹತ್ತಾರು. ಇನ್ನೊಂದರ ಮೂಲೆಗಳು ಸವೆದಿದ್ದವು, ಗುಂಡಿ ಆರೇ. ಮಗನ ಕಣ್ಣು ಹೊಳೆಯುವುದರ ಮೇಲೆ.

ಅಪ್ಪ ಮೊದಲು ಯಾರನ್ನೂ ನುಡಿಸಗೊಡಲಿಲ್ಲ. ಎರಡನ್ನೂ ಹಾಕಿಸಿ, ಗೇನ್ ಏರಿಸಿ, ಸುಮ್ಮನೆ ನಿಂತು ಕೇಳಿದ. ದನಿಯನ್ನು ಸಾವಿರಾರು ಪಟ್ಟು ಹೆಚ್ಚಿಸುವ ಯಂತ್ರ ಗದ್ದಲವನ್ನೂ ಅಷ್ಟೇ ಹೆಚ್ಚಿಸುತ್ತದೆ. ಆದ್ದರಿಂದ ಅದರ ವಿನ್ಯಾಸದ ಗುಣ ತಿಳಿಯುವುದು ಮೌನದಲ್ಲಿ. ಹೊಳೆಯುವುದು ಗುಂಯ್ ಎನ್ನುತ್ತಿತ್ತು. ಗಿಟಾರಿನ ವೈರ್ ಕಿತ್ತ ಮೇಲೂ ಗುಂಯ್ ನಿಲ್ಲಲಿಲ್ಲ. "ವೈರಿಂದಲ್ಲ ಮಗಾ, ಒಳಗಡೆ ಅರ್ತೇ ಸರಿ ಇಲ್ಲ." ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ: "ಸುಯ್ ಅಂತದಾ ಅಂತ ನೀನೇ ಕೇಳು. ಸಣ್ಣ ದನಿ ನಂಗೀಗ ಕೇಳಾಕಿಲ್ಲ."

ಮಗ ಅಪ್ಪನ ಮುಖ ನೋಡಿದ. ಮೂವತ್ತು ವರ್ಷ ಹಾರ್ನುಗಳ ಬುಡದಲ್ಲಿ ಕುಳಿತವನ ಕಿವಿ ಅದು. ಮನೆಯಲ್ಲಿ ಅಮ್ಮ ಎರಡೆರಡು ಸಲ ಕರೆಯಬೇಕಾಗುತ್ತಿದ್ದುದು ಯಾಕೆಂದು ಆಗ ಹೊಳೆಯಿತು. ಸತತವಾಗಿ ಕೇಳಲು 85 ಡೆಸಿಬೆಲ್ ಸದ್ದಿಗೆ ದಿನಕ್ಕೆ 8 ಗಂಟೆ ಮಿತಿ; 3 ಡೆಸಿಬೆಲ್ ಏರಿದಂತೆಲ್ಲ ಸಮಯ ಅರ್ಧಕ್ಕೆ ಇಳಿಯಬೇಕು ಎಂದು ಅವನು ಪುಸ್ತಕದಲ್ಲಿ ಓದಿದ್ದ. ಈಗ ಕಣ್ಣೆದುರು ಕಂಡ.

ಮುಂದಿನ ಪರೀಕ್ಷೆಯನ್ನು ಇಬ್ಬರೂ ಸೇರಿ ಮಾಡಿದರು. ಮಗ ದಪ್ಪ ತಂತಿಯನ್ನು ಅಂಗೈಯಿಂದ ಒತ್ತಿ ನುಡಿಸಿದ. ಸವೆದ ಪೆಟ್ಟಿಗೆಯಲ್ಲಿ ಒಂದೊಂದು ಏಟೂ ಬಿಡಿಬಿಡಿಯಾಗಿ ಬಿದ್ದು ನಿಂತಿತು. ಹೊಳೆಯುವುದರಲ್ಲಿ ಒಂದರ ಬಾಲ ಇನ್ನೊಂದರ ತಲೆಗೆ ಸುತ್ತಿಕೊಂಡಿತು. ಒಳ್ಳೆಯ ವಿನ್ಯಾಸದಲ್ಲಿ ಒಡೆಯುವ ಹಂತಕ್ಕೆ ಮೊದಲೇ ಬೇಸನ್ನು ಸ್ವಲ್ಪ ಕತ್ತರಿಸಿ, ಒಡೆದ ಮೇಲೆ ಬೇಕಾದಷ್ಟು ಮತ್ತೆ ತುಂಬುತ್ತಾರೆ. ಹಾಗೆ ಮಾಡದಿದ್ದರೆ ಕೆಳಗಿನ ಸ್ವರಗಳೇ ಜಾಗವನ್ನೆಲ್ಲ ನುಂಗಿ ಕೆಸರಾಗುತ್ತದೆ.

ಆಮೇಲೆ ಷಡ್ಜ ಪಂಚಮ ಎರಡನ್ನೇ ಒಟ್ಟಿಗೆ ನುಡಿಸಿದ. ಎರಡರಲ್ಲೂ ಚೆನ್ನಾಗಿಯೇ ಕೇಳಿತು. 200 ಮತ್ತು 300 ಕಂಪನಗಳು ಸೇರಿ ಒಡೆದಾಗ ಅವುಗಳ ನಡುವಿನ ಅಂತರವಾದ 100 ಕೂಡ ಹುಟ್ಟುತ್ತದೆ. ಅದು ಕೆಳಸ್ಥಾಯಿಯ ಷಡ್ಜವೇ. ಆದ್ದರಿಂದಲೇ ಈ ಸಂಗೀತದವರಿಗೆ ಆ ಜೋಡಿ ಅಷ್ಟು ಪ್ರಿಯ. ಪೂರ್ತಿ ಕಾರ್ಡ್ ಹಿಡಿದಾಗ ಬಣ್ಣ ಬಯಲಾಯಿತು. ಸವೆದ ಪೆಟ್ಟಿಗೆಯಲ್ಲಿ ಒಡಕಿನ ಒಳಗೂ ಮೂರು ಸ್ವರ ಎಣಿಸಬಹುದಿತ್ತು. ಗಿಟಾರಿನ ವಾಲ್ಯೂಮ್ ಇಳಿಸಿದರೆ ದನಿ ತಿಳಿಯಾಗುತ್ತಿತ್ತು. ಬೆರಳು ಮೆತ್ತಗೆ ಬಿದ್ದರೆ ಮೆತ್ತಗೆ, ಜೋರಾಗಿ ಬಿದ್ದರೆ ಜೋರಾಗಿ. ಹೊಳೆಯುವ ಪೆಟ್ಟಿಗೆಗೆ ಬೆರಳಿನ ವ್ಯತ್ಯಾಸವೇ ತಿಳಿಯಲಿಲ್ಲ.

"ದನಿ ಒಡೀಲಿ, ಸ್ವರ ಒಡೀಬಾರ್ದು. ಅಷ್ಟೇ ತಾನೆ?" ಎಂದ ಅಪ್ಪ. ಮಗ ತಲೆಯಾಡಿಸಿದ.

ಹಿಂದಿನ ಹಲಗೆ ತೆಗೆದು ನೋಡೋಣವೆಂದು ಮಗ ಬಗ್ಗಿದಾಗ ಅಪ್ಪ ಕೈ ಹಿಡಿದು ತಡೆದ. ವಾಲ್ವ್ ಸೆಟ್ಟಿನೊಳಗೆ 400 ವೋಲ್ಟಿನ ಆಸುಪಾಸು ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಉಳಿದಿರಬಹುದು. ಕಲಿತವರು ಪಕ್ಕದಲ್ಲಿಲ್ಲದೆ ಹುಡುಗರು ಮುಟ್ಟುವ ಜಾಗವಲ್ಲ.

ಸವೆದ ಪೆಟ್ಟಿಗೆಯ ಬೆಲೆ ಕೇಳಿದ ಮೇಲೆ ಇಬ್ಬರೂ ಹೊರಗೆ ಬಂದರು. ಬಸ್ ನಿಲ್ದಾಣದವರೆಗೆ ಮಾತಿಲ್ಲ. ಕೊನೆಗೆ ಮಗನೇ ಹೇಳಿದ: "ಫೀಸಿನ ದುಡ್ಡು ಮುಟ್ಟೋದು ಬೇಡಪ್ಪ." ಅಪ್ಪ ಬೇರೇನೋ ಯೋಚಿಸುತ್ತಿದ್ದ. "ಅವೆರಡರಲ್ಲೂ ಹಾರ್ನ್ ಇರ್ಲಿಲ್ಲ, ನೋಡಿದ್ಯಾ?"

ಹೌದಲ್ಲ! ಗಿಟಾರಿನ ಪೆಟ್ಟಿಗೆಯಲ್ಲಿರುವುದು 12 ಇಂಚಿನ ಕಾಗದದ ಸ್ಪೀಕರ್. ಸುಮಾರು 5,000 ಕಂಪನಗಳ ಮೇಲಿನದನ್ನು ಅದು ಅಷ್ಟಾಗಿ ನುಡಿಸುವುದಿಲ್ಲ. ಒಡೆದ ದನಿಯ ಚೂಪನ್ನೆಲ್ಲ ಅದೇ ಸೋಸಿಬಿಡುತ್ತದೆ. ಮಾತು ದೂರಕ್ಕೆ ಮುಟ್ಟಲೆಂದು ಮಾಡಿದ ಹಾರ್ನಿಗೆ ಬೇಸೂ ಇಲ್ಲ, ಆ ಸೋಸುವ ಗುಣವೂ ಇಲ್ಲ. ಕೋಳಿಗಳು ಬೆದರಿದ್ದು ಅದಕ್ಕೆ.

ಮುಂದಿನ ಎರಡು ವಾರದ ರಜೆಗಳಲ್ಲಿ ಜಗಲಿಯ ಮೇಲೆ ಪ್ಲೈವುಡ್ ಪೆಟ್ಟಿಗೆಯೊಂದು ಎದ್ದಿತು. ಅದಕ್ಕೆ 12 ಇಂಚಿನ ಗಿಟಾರ್ ಸ್ಪೀಕರ್ ಒಂದನ್ನು ಕೂರಿಸಿದರು. ಅದು 8 ಓಮಿನದು. ಮೈಕ್ ಸೆಟ್ಟಿನ ಹಿಂದಿರುವ 8 ಓಮಿನ ತಿರುಪಿಗೇ ವೈರ್ ಕೊಡಬೇಕು, ಹಾರ್ನುಗಳ 100 ವೋಲ್ಟಿನ ಲೈನಿಗಲ್ಲ ಎಂದು ಅಪ್ಪ ತೋರಿಸಿಕೊಟ್ಟ. ಸ್ಪೀಕರಿನ ದುಡ್ಡಿಗೆ ಬದಲಾಗಿ ಗಣಪತಿ ಹಬ್ಬದಲ್ಲಿ ಮಗ ವೈರ್ ಎಳೆಯಬೇಕೆಂದು ಕರಾರಾಯಿತು.

ಸಂಜೆ ಮಗ ನುಡಿಸಿದ. ಮೈಸೂರಿನ ಸವೆದ ಪೆಟ್ಟಿಗೆಯ ಮಟ್ಟಕ್ಕಿರಲಿಲ್ಲ, ಆದರೆ ತಗಡು ಹರಿಯಲೂ ಇಲ್ಲ. ಅಪ್ಪ ಸ್ವಲ್ಪ ಹೊತ್ತು ಕೇಳಿದ. ಆಮೇಲೆ ಬಗ್ಗಿ, ಡಿಸ್ಟಾರ್ಷನ್ ಪೆಟ್ಟಿಗೆಯ ಗುಂಡಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದ.

"ಈಗ ನುಡ್ಸು."

ಮಗ ಎದ್ದು, ಮೊದಲು ಅಪ್ಪನ ಕುರ್ಚಿಯನ್ನು ಸ್ಪೀಕರಿನಿಂದ ನಾಲ್ಕು ಮಾರು ದೂರ ಎಳೆದಿಟ್ಟು, ಆಮೇಲೆ ನುಡಿಸಿದ.